ಅಕ್ಕನಿಲ್ಲದವನ ಭಾಷಣ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಕಲ್ಮೇಶ ಎಂಬ ಶಿಷ್ಯನಿದ್ದ. ಓದು, ಧ್ಯಾನ, ತೋಟದ ಕೆಲಸ ಮುಗಿದ ಮೇಲೆ ಸುತ್ತಲಿನ ಊರವರಿಗೆ ಭಾಷಣ ಬರೆದುಕೊಡುತ್ತಿದ್ದ. ನಿವೃತ್ತಿ, ಸನ್ಮಾನ, ಉದ್ಘಾಟನೆ, ಯಾವುದಕ್ಕೂ ಇಲ್ಲವೆನ್ನುತ್ತಿರಲಿಲ್ಲ. ಅವರು ಕೊಟ್ಟಿದ್ದರಲ್ಲಿ ಅವನ ಬಟ್ಟೆ, ಪುಸ್ತಕದ ಖರ್ಚು ನಡೆಯುತ್ತಿತ್ತು.

ಗುರುಗಳು ಬೇಡವೆಂದಿರಲಿಲ್ಲ.

ಒಂದು ಮುಂಜಾನೆ ಪಕ್ಕದೂರಿನ ಮಲ್ಲನಗೌಡರು ಬಂದರು. ಹಿಂದಿನ ದಿನ ಅವರೂರಲ್ಲಿ ಹೊಲಿಗೆ ತರಬೇತಿ ಕೇಂದ್ರ ಶುರುವಾಗಿತ್ತು. ಸಮಾರಂಭದ ಅಧ್ಯಕ್ಷರು ಗೌಡರೇ. ಅವರು ಓದಿದ ಭಾಷಣ ಕಲ್ಮೇಶನದು.

"ತಮ್ಮಾ, ನಿನ್ನೆ ವೇದಿಕೆ ಮ್ಯಾಲ ಅತ್ತುಬಿಟ್ಟೆ ನೋಡು," ಎಂದರು ಗೌಡರು.

ಕಲ್ಮೇಶ ಗಾಬರಿಯಾದ. "ಏನಾತ್ರೀ ಗೌಡ್ರ?"

"ನನ್ನಕ್ಕ ತನಗಿದ್ದ ಒಂದೇ ಹಬ್ಬದ ಸೀರೆ ಕತ್ತರಿಸಿ ನನಗೆ ಅಂಗಿ ಹೊಲಿದಳು ಅಂತ ಬರದಿದ್ದಿಯಲ್ಲ, ಅಲ್ಲಿಗೆ ಬರೋದ್ರಾಗ ಓದೋದು ಬಿಟ್ಟು ಕಣ್ಣು ಒರಸ್ಕೊಂಡೆ. ಹೆಣ್ಮಕ್ಕಳೂ ಸೆರಗಿಲೆ ಕಣ್ಣು ಒರಸ್ಕೊಂಡ್ರು."

"ಒಳ್ಳೇದಾತಲ್ರೀ."

"ಒಳ್ಳೇದs ಆತು. ಆದ್ರ ನನಗ ಅಕ್ಕ ಇಲ್ಲೋ ಮಾರಾಯ. ನಮ್ಮಪ್ಪಗ ನಾನೊಬ್ಬನs ಮಗ. ನಾ ಅತ್ತದ್ದು ಯಾರ ಸಲುವಾಗಿ?"

ಗೌಡರು ನಕ್ಕರು. ಅಲ್ಲೇ ಕೂತಿದ್ದ ಗುರುಗಳಿಗೆ ನಮಸ್ಕರಿಸಿ ಹೋದರು.

"ಯಾರ ಅಕ್ಕ ಅಕಿ?" ಗುರುಗಳು ಕೇಳಿದರು.

ಕಲ್ಮೇಶ ತಡೆದು ಹೇಳಿದ. "ನನ್ನಕ್ಕ. ಗೌರವ್ವ."

ತಾಯಿ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದವಳು ಅವಳು. ಊರವರ ರವಿಕೆ ಹೊಲಿದು ಓದಿಸಿದಳು. ಅವನು ಆಶ್ರಮಕ್ಕೆ ಹೊರಟ ದಿನ ಬೇಡವೆನ್ನಲಿಲ್ಲ, ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ತಿರುಗಿ ನೋಡಿದರೆ ಮನಸ್ಸು ಕೆಡುತ್ತದೆಂದು ಅವನು ನೋಡದೆ ಬಂದ. ಆಮೇಲೆ ಊರಿಗೆ ಹೋಗಿಲ್ಲ.

"ಯಾಕ ಹೋಗಲಿಲ್ಲ?"

"ಎಲ್ಲಾ ಬಿಟ್ಟು ಬಂದಾವ ನಾನು. ಹೋದ್ರ ತಿರುಗಿ ಬರಾಕ ಆಗಲಿಕ್ಕಿಲ್ಲ ಅಂತ ಅಂಜಿಕಿ."

"ಹೋಗದs ಇದ್ದದ್ದಕ್ಕ ಮರ್ತಿಯೇನು?"

ಕಲ್ಮೇಶ ತಲೆ ತಗ್ಗಿಸಿದ. ಮೇಷ್ಟ್ರೊಬ್ಬರ ನಿವೃತ್ತಿಗೆ ಬರೆದದ್ದರಲ್ಲೂ ಅವಳಿದ್ದಳು. ಕೆರೆ ಪೂಜೆಯ ಭಾಷಣದಲ್ಲೂ ಒಬ್ಬ ಅಕ್ಕ ಕೊಡ ಹೊತ್ತು ಬಂದಿದ್ದಳು.

"ಸುತ್ತಿನ ಹಳ್ಳಿ ಎಲ್ಲಾ ಕೇಳ್ಯಾವು," ಎಂದರು ಗುರುಗಳು. "ಕೇಳಬೇಕಾದಾಕಿ ಇನ್ನೂ ಕೇಳಿಲ್ಲ."

"ಅಕಿ ಎದುರಿಗೆ ನಿಂತು ಏನಂತ ಹೇಳಲಿ ಗುರುಗಳೇ?"

"ಭಾಷಣ ಬರಿಯಾವ ನೀನು. ನನ್ನ ಕೇಳತಿ?"

ಕಲ್ಮೇಶ ಬೇವಿನ ನೆರಳಲ್ಲಿ ಕೂತು ಬರೆದ. ಹೊಡೆದುಹಾಕಿದ. ಮತ್ತೆ ಬರೆದ. ಊರವರಿಗಾಗಿ ಬರೆಯುವಾಗ ಸಲೀಸಾಗಿ ಬರುತ್ತಿದ್ದ ಸಾಲು ಇವತ್ತು ಒಂದೂ ನಿಲ್ಲಲಿಲ್ಲ. ಹೊತ್ತು ಇಳಿಯುವವರೆಗೆ ಅಲ್ಲಿಂದ ಏಳಲಿಲ್ಲ.

ಕೊನೆಗೆ ಗುರುಗಳ ಮುಂದೆ ಬಂದು ಕಾಗದ ಬಿಚ್ಚಿದ.

"ನಾನs ಗೌರವ್ವ ಅಂತ ತಿಳಿ. ಓದು."

"ಪ್ರೀತಿಯ ಅಕ್ಕ, ಇಷ್ಟು ವರ್ಷಗಳ ನಂತರ ನಿನ್ನೆದುರು ನಿಂತಿರುವ ಈ ಗಳಿಗೆಯಲ್ಲಿ..."

"ಉಂಡಿಯೇನೋ ಕಲ್ಲ್ಯಾ?" ಎಂದರು ಗುರುಗಳು.

ಕಲ್ಮೇಶ ಕಾಗದದಿಂದ ತಲೆ ಎತ್ತಿದ. ಹಾಗೆ ಅವನನ್ನು ಯಾರಾದರೂ ಕರೆದು ವರ್ಷಗಳಾಗಿದ್ದವು.

"ಅಕಿ ಮೊದಲು ಕೇಳೋದು ಇದನ್ನ. ಏನು ಹೇಳತಿ?"

ಅವನು ಕಾಗದ ನೋಡಿದ. ಮಗುಚಿ ನೋಡಿದ. ಅದರಲ್ಲಿ ಉತ್ತರವಿರಲಿಲ್ಲ.

ಹೊಳೆಯ ಕಡೆಯಿಂದ ಗಾಳಿ ಬೀಸಿತು.

"ಇಲ್ಲಕ್ಕ," ಎಂದ. "ಹಸಿವಾಗೇತಿ."

ಗುರುಗಳು ಅವನ ಕೈಯಿಂದ ಕಾಗದ ತೆಗೆದುಕೊಂಡರು.

"ಇಷ್ಟು ಹೇಳಿದ್ರ ಸಾಕು. ಓಡು, ಸಂಜಿ ಬಸ್ಸು ಇನ್ನೂ ಬಂದಿಲ್ಲ."