ಎದೆಯೊಳಗಿನ ಕುದುರೆ

"ಕೇಳಿರಯ್ಯಾ ಕೇಳಿ! ರಾಜಕುಮಾರಿ ಚಂದಲೆಯ ಎದೆಯೊಳಗೆ ಕುದುರೆಯೊಂದು ಹೊತ್ತುಗೊತ್ತಿಲ್ಲದೆ ಓಡುತ್ತಿದೆ. ಆಕೆ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಆಕೆಯೊಡನೆ ಮದುವೆ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ. ಪ್ರತಿ ಹುಣ್ಣಿಮೆಗೂ ಒಬ್ಬ ನಿಲ್ಲಲೇಬೇಕು! ಇದು ದೊರೆಗಳ ಅಪ್ಪಣೆ!"

ಡಂಗುರದವನು ಇದನ್ನು ಮದುವೆಗೆ ಕರೆಯುವವನ ಹಾಗೆ ನಗುನಗುತ್ತಾ ಸಾರಿದ. ಅವನಿಗೇನು, ಹೋಗುವ ತಲೆ ಅವನದಲ್ಲವಲ್ಲ.

ಚಂದಲೆ ಚಿಕ್ಕವಳಿದ್ದಾಗ ಅವಳ ತಾಯಿ ಎದೆ ಹಿಡಿದುಕೊಂಡು ಕುಸಿದು ಅವಳ ಕಣ್ಣೆದುರೇ ಸತ್ತಿದ್ದಳು. ಈಗ ಮಗಳ ಎದೆಯೂ ಹೊಡೆದುಕೊಳ್ಳತೊಡಗಿತ್ತು. ಮೊದಲು ನಾಡಿ ಹಿಡಿದವನು ಅರಮನೆಯ ಮುದಿ ವೈದ್ಯ ಗುಂಡಪಂಡಿತ. ಬಹಳ ಹೊತ್ತು ನಾಡಿ ನೋಡಿ, "ಗುಂಡಿಗೆ ಗಟ್ಟಿಯಾಗಿದೆ ಮಗಳೇ. ಬಡಿತಕ್ಕೆ ಬೇರೆ ಏನೋ ಕಾರಣವಿದೆ, ಹುಡುಕೋಣ" ಎಂದ. "ನಾನು ಸಾಯುತ್ತಿದ್ದೇನೆ, ನೀನು ಏನೂ ಆಗಿಲ್ಲ ಅನ್ನುತ್ತೀಯಾ? ನನ್ನ ಸಂಕಟ ಸುಳ್ಳೇ?" ಎಂದು ಅವಳು ಕಿರುಚಿದಳು. ಕೋಟೆ ಬಾಗಿಲಿಗೆ ಮೊದಲು ಏರಿದ್ದು ಆ ಮುದುಕನ ತಲೆ. ಮಗಳ ಮಾತಿಗೆ ಎಂದೂ ಇಲ್ಲವೆನ್ನದ ರಾಜ ಆಗಲೂ ತಲೆಯಾಡಿಸಿದ.

ಆಮೇಲೆ ಡಂಗುರ ಕೇಳಿ ಬಂದರು ವರಮಹಾಶಯರು. ಹೊಳಲಿನ ರಾಜಕುಮಾರ ಮೀಸೆ ತಿರುವಿ, "ಇದು ನನ್ನ ಮೇಲಿನ ಪ್ರೇಮ" ಎಂದ. ಅವನನ್ನು ಅವಳು ಆವತ್ತೇ ಮೊದಲು ನೋಡಿದ್ದು. ಮೀಸೆಯ ಸಮೇತ ತಲೆ ಹೋಯಿತು. ಜೋಯಿಸ ಬಾಚರಸ ಶನಿಯ ಕಾಟ ಎಂದ. ಕಾಟ ಅವನನ್ನೇ ಹಿಡಿಯಿತು. ಒಬ್ಬ ಪಾಳೆಯಗಾರನ ಮಗ, "ಇದು ಎದೆರೋಗ, ನೀವು ಉಳಿಯುವುದಿಲ್ಲ" ಎಂದುಬಿಟ್ಟ. ಚಂದಲೆ ಮೂರ್ಛೆ ಹೋದಳು. ಅವಳಿಗೆ ಎಚ್ಚರವಾಗುವಷ್ಟರಲ್ಲಿ ಅವನು ಇರಲಿಲ್ಲ. ಬಾಗಿಲ ಬುಡದಲ್ಲಿ ಸತ್ತವರ ಹೆಂಡತಿ ತಾಯಂದಿರು ಕೂತು ಅಳುತ್ತಿದ್ದರು. ಒಳಗಿದ್ದವರಿಗೆ ಅದು ಕೇಳಿಸುತ್ತಿರಲಿಲ್ಲ.

ಮುಂದಿನ ಹುಣ್ಣಿಮೆಗೆ ಯಾರೂ ಬರಲಿಲ್ಲ. ಗಂಡಸರೆಲ್ಲ ಊರು ಬಿಟ್ಟಿದ್ದರು. ಕಾವಲಿನವರ ಕೈಗೆ ಸಿಕ್ಕಿದವನು ಜಿಗಣೆ ಕೆಂಚ. ಆ ಅರಮನೆಯಲ್ಲೊಂದು ರಿವಾಜಿತ್ತು: ರಾಜನ ಮನೆಯ ಹೆಣ್ಣು ಚಂದ್ರನಷ್ಟು ಬಿಳುಪಾಗಿರಬೇಕು. ಅದಕ್ಕಾಗಿ ವಾರವಾರ ಬೆನ್ನಿಗೆ ಜಿಗಣೆ ಹತ್ತಿಸಿ ರಕ್ತ ಹೀರಿಸುತ್ತಿದ್ದರು. ಆ ಜಿಗಣೆಗಳನ್ನು ಕೆರೆಯಿಂದ ಹಿಡಿದು ತರುವುದು ಕೆಂಚನ ಕಸುಬು. ಮಡಕೆ ಹಿಡಿದುಕೊಂಡೇ ಅವನನ್ನು ಸಭೆಗೆ ಎಳೆದು ತಂದರು.

"ಇವನು ವರನೇನೋ?" ಎಂದ ರಾಜ.

"ಬೇರೆ ಯಾರೂ ಸಿಗಲಿಲ್ಲ ಬುದ್ಧಿ," ಎಂದ ಕಾವಲಿನವನು.

"ಸರಿ, ನಿಲ್ಲಿಸಿ."

ಕತ್ತಿಯವನು ಬಂದು ಕೆಂಚನ ಬೆನ್ನಿಗೆ ನಿಂತ. ಚಂದಲೆ ತಟ್ಟೆಯಿಂದ ವೀಳ್ಯ ತೆಗೆದು ಬಾಯಿಗಿಟ್ಟುಕೊಂಡು ಕೇಳಿದಳು: "ಉಂಡು ಸುಮ್ಮನೆ ಕೂತಿರುತ್ತೇನೆ. ಹಣೆ ಬೆವರುತ್ತದೆ, ಕುದುರೆ ಓಡುತ್ತದೆ. ಓಡಿಸುವವನು ಯಾರು?"

ಕೆಂಚ ತಟ್ಟೆಯನ್ನೇ ನೋಡಿದ. "ಆ ಅಡಿಕೆ, ಹೊಗೆಸೊಪ್ಪು, ದೊರೆಸಾನಿ. ನಮ್ಮಜ್ಜಿ ಒಂದು ಸಲ ಕೊಟ್ಟಿದ್ಲು. ಅಡಿಕೆ ಸೊಕ್ಕಿ, ಎದೆ ಹೊಡ್ಕೊಂಡು, ಬೆವತು ಜಗಲಿ ಮೇಲೆ ಬಿದ್ಬಿಟ್ಟಿದ್ದೆ."

ಅಡಿಕೆ ಸೊಕ್ಕುವುದು ಸಭೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ರಾಜಕುಮಾರಿಗೂ ಸೊಕ್ಕುತ್ತದೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಚಂದಲೆ ಉಗುಳುವ ಪಾತ್ರೆಗೆ ಕೈ ಚಾಚಿದಳು.

"ಉಪ್ಪರಿಗೆಯ ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಕುದುರೆ ಬಡಕಲಾಗಿ ಓಡುತ್ತದೆ. ಅದರ ಮೇವು ಕದ್ದವರು ಯಾರು?"

ಕೆಂಚ ಅವಳ ಮುಖ ನೋಡಿದ. ತುಟಿಯ ಕೆಂಪು ವೀಳ್ಯದ್ದು, ಉಳಿದದ್ದೆಲ್ಲ ಸುಣ್ಣ. ಆಮೇಲೆ ತನ್ನ ಕೈಯ ಮಡಕೆ ನೋಡಿದ.

"ಕದ್ದವನು ನಾನೇ," ಎಂದ.

ಕತ್ತಿ ಒರೆಯಿಂದ ಹೊರಬಂತು.

"ಜಿಗಣೆ ಹಿಡಿಯಾಕೆ ನನ್ನ ಕಾಲೇ ಎರೆ, ತಾಯಿ. ಕೆರೇಲಿ ನಿಂತ್ಕೋತೀನಿ, ಬಂದು ಕಚ್ತಾವೆ. ಹೆಚ್ಚು ಕಚ್ಚಿದ ದಿನ ಏರಿ ಹತ್ತೋವಾಗ ನಂಗೂ ಹಿಂಗೇ ಏದುಸಿರು, ಎದೆ ಡವಡವ. ಮೈಯಾಗೆ ರಕ್ತ ಕಮ್ಮಿಯಾದ್ರೆ ಉಳಿದದ್ದನ್ನ ಸುತ್ತಿಸಾಕೆ ಗುಂಡಿಗೆ ಎರಡರಷ್ಟು ದುಡೀಬೇಕಲ್ಲ. ನಿಮ್ಮ ರಕ್ತ ವಾರವಾರ ಈ ಮಡಕೇಲಿ ಹೋಗ್ತೈತೆ."

ರಾಜ ಮಗಳ ಮುಖ ನೋಡಿದ. ಕತ್ತಿಯವನಿಗೆ ತಡೆಯೆಂದು ಅವಳು ಕೈಯೆತ್ತಿದಳು.

"ಕೊನೆಯದು. ದೀಪ ಆರಿಸಿ ಮಲಗುತ್ತೇನೆ. ವೀಳ್ಯವಿಲ್ಲ, ಮೆಟ್ಟಿಲಿಲ್ಲ. ಆದರೂ ಓಡುತ್ತದೆ. ಅದನ್ನು ಅಟ್ಟಿಸಿಕೊಂಡು ಬರುವವರು ಯಾರು?"

ಕೆಂಚನಿಗೆ ಗೊತ್ತಿರಲಿಲ್ಲ. ಅವನ ಕತ್ತು ಬಗ್ಗಿಸಿದರು. ಕತ್ತಿಯ ತಣ್ಣನೆ ಅಂಚು ತಗಲಿದ್ದೇ ತಡ, ಎದೆ ಕಿವಿಯವರೆಗೆ ಬಡಿಯತೊಡಗಿತು.

"ದೊರೆಸಾನಿ!" ಎಂದು ಕೂಗಿದ. "ನನ್ನ ಎದೆ ಮುಟ್ಟಿ ನೋಡಿ! ಆಮೇಲೆ ಕಡೀರಿ!"

ಯಾಕೋ, ಅವಳು ಎದ್ದು ಬಂದು ಮುಟ್ಟಿದಳು. ಅವಳ ಮುಖ ಇನ್ನಷ್ಟು ಬಿಳಿಚಿತು. "ಇದು ನನ್ನದೇ ಕುದುರೆ" ಎಂದಳು.

"ಹೂಂ. ನಂಗ್ಯಾವ ರೋಗವೂ ಇಲ್ಲ, ಬರೀ ಸಾಯೋ ಭಯ. ನಿಮಗೂ ಅದೇಯ. ಮಲಗಿದಾಗ ಎದೆ ಸದ್ದು ಕೇಳ್ತೈತೆ. ಅವ್ವನಂಗೆ ಸಾಯ್ತೀನಿ ಅಂತ ಹೆದರ್ತೀರಿ. ಹೆದರಿದಷ್ಟೂ ಅದು ಓಡ್ತೈತೆ, ಓಡಿದಷ್ಟೂ ನೀವು ಹೆದರ್ತೀರಿ. ನನ್ನ ಹಿಂದೆ ಕತ್ತಿನಾದ್ರೂ ಐತೆ. ನಿಮ್ಮ ಹಿಂದೆ ಯಾರೂ ಇಲ್ಲ ತಾಯಿ."

"ಹಾಗಾದರೆ ನನ್ನ ಗುಂಡಿಗೆ?"

"ಗಟ್ಟಿಯಾಗೈತೆ."

ಇದೇ ಮಾತನ್ನು ಹೇಳಿದ ಮುದುಕ ಎಲ್ಲಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಚಂದಲೆಗೂ ನೆನಪಾಯಿತು. ಅವಳು ಅಲ್ಲೇ ನೆಲದ ಮೇಲೆ ಕೂತಳು.

ರಾಜ ಕೊಟ್ಟ ಮಾತಿನಂತೆ ಅರ್ಧ ರಾಜ್ಯ ಕೊಟ್ಟು ಮದುವೆಯ ಮಾತೆತ್ತಿದ. ಕೆಂಚ ಕತ್ತು ಸವರಿಕೊಂಡು, "ರಾಜ್ಯ ತಗೋತೀನಿ ಬುದ್ಧಿ. ಮಗಳನ್ನ ನೀವೇ ಇಟ್ಕೊಳ್ಳಿ" ಎಂದು ಮಡಕೆಯನ್ನು ಅಂಗಳದಲ್ಲೇ ಒಡೆದು ಹೊರಟುಹೋದ.

ಜಿಗಣೆ ನಿಂತಿತು, ಹೊಗೆಸೊಪ್ಪು ನಿಂತಿತು. ಚಂದಲೆಯ ಕೆನ್ನೆಗೆ ರಕ್ತ ಬಂತು. ಕಾರಣ ತಿಳಿದ ಮೇಲೆ ಭಯವೂ ಮೆಲ್ಲಗೆ ಇಳಿಯಿತು. ಒಂದು ಸಂಜೆ ಎದೆಯ ಸದ್ದು ಪೂರ್ತಿ ಅಡಗಿತು. ಆಗ ಅವಳಿಗೆ ಕೋಟೆ ಬಾಗಿಲಿನ ಅಳು ಕೇಳಿಸಿತು. ಕಿಟಕಿ ಮುಚ್ಚಿಸಿದಳು, ಆದರೂ ಕೇಳಿಸಿತು. ಗುಂಡಿಗೆ ಗಟ್ಟಿಯಾಗಿದ್ದರಿಂದ ಅವಳು ಬಹಳ ವರ್ಷ ಬದುಕಿದಳು, ಅಷ್ಟು ವರ್ಷವೂ ಅದನ್ನು ಕೇಳಿಸಿಕೊಂಡಳು.