ಲಾಭದ ಬಟ್ಟಲು

"ನಾನು ಹೊರಟುಹೋದರೆ ಈ ಮಠಕ್ಕೆ ಏನು ಕಡಿಮೆಯಾಗುತ್ತದೆ, ಗುರುಗಳೇ?"

ಕೇಳಿದವನು ಶಿಷ್ಯ ನಿರ್ವಾಣಯ್ಯ. ಬಟ್ಟೆಯ ಗಂಟು ಆಗಲೇ ಅವನ ಕಂಕುಳಲ್ಲಿತ್ತು. ಜೊತೆಯವರು ಊರೂರಿಗೆ ಹೋಗಿ ಪಾಠ ಹೇಳುತ್ತಿದ್ದರು. ಅವರಿಂದ ಮಠ ಬೆಳೆದಿತ್ತು. ತಾನು ಕಣ್ಣಿಲ್ಲದ ಹಿರಿಯ ಸ್ವಾಮಿಗಳನ್ನು ಕೈಹಿಡಿದು ಹೊಳೆಗೆ ಕರೆದೊಯ್ದು ಕರೆತರುವವನು, ಅಷ್ಟೆ. ತನ್ನಿಂದ ಇಲ್ಲಿ ಒಂದು ಹುಲ್ಲುಕಡ್ಡಿಯೂ ಹೆಚ್ಚಿಲ್ಲ ಎಂದ.

ಗುರುಗಳು ಕತೆ ಹೇಳಿದರು.

ಒಬ್ಬ ಧಾನ್ಯ ಅಳೆಯುವವನಿದ್ದ. ಅವನ ತಮ್ಮ ಅರಿಯದೆ ಕೋಟೆಯ ಕಳ್ಳದಾರಿಯನ್ನು ಕಂಡುಬಿಟ್ಟ. ಕಂಡವರನ್ನು ಕೋಟೆಯ ಮೇಲಿಂದ ತಳ್ಳುವುದು ಅಲ್ಲಿನ ಕಟ್ಟಳೆ. ಅಣ್ಣ ಪಾಳೆಯಗಾರನ ಕಾಲಿಗೆ ಬಿದ್ದ. ಪಾಳೆಯಗಾರನಿಗೆ ಲೆಕ್ಕದ ಹುಚ್ಚು. ಐದು ಬಟ್ಟಲು, ಒಂದಿಷ್ಟು ಹುಣಸೆಬೀಜ ತರಿಸಿದ. ಯಾವ ಬಟ್ಟಲೂ ಬರಿದಾಗಿರಬಾರದು. ಐದು ಬಟ್ಟಲಿನ ಬೀಜಗಳ ಸಂಖ್ಯೆಗಳನ್ನು ಕೂಡಿದರೂ, ಗುಣಿಸಿದರೂ ಒಂದೇ ಉತ್ತರ ಬರಬೇಕು. ಕಂಬದ ನೆರಳು ಹೊಸ್ತಿಲು ಮುಟ್ಟುವುದರೊಳಗೆ ಬಂದರೆ ತಮ್ಮ ಬದುಕಿದ. ತಮ್ಮನನ್ನು ಸೊಂಟಕ್ಕೆ ಹಗ್ಗ ಬಿಗಿದು ಎದುರಿಗೇ, ಕೋಟೆಯಂಚಿನಲ್ಲಿ ನಿಲ್ಲಿಸಿದ್ದರು.

ಅಣ್ಣ ಒಂದೊಂದು ಬಟ್ಟಲಿಗೂ ಎರಡೆರಡು ಬೀಜ ಹಾಕಿದ. ಕೂಡಿದರೆ ಹತ್ತು, ಗುಣಿಸಿದರೆ ಮೂವತ್ತೆರಡು. ಒಂದು ಬಟ್ಟಲಿಗೆ ಇನ್ನೊಂದು ಬೀಜ ಸೇರಿಸಿದ. ಮೊತ್ತ ಹನ್ನೊಂದಾಯಿತು, ಗುಣಲಬ್ಧ ನಲವತ್ತೆಂಟಕ್ಕೆ ಜಿಗಿಯಿತು. ಸೇರಿಸಿದಷ್ಟೂ ಅಂತರ ಬೆಳೆಯಿತು. ಎರಡಕ್ಕಿಂತ ಕೆಳಗೆ ಅವನ ಕೈ ಇಳಿಯಲೇ ಇಲ್ಲ. ರಾಶಿ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಒಂದು ಎಂಬುದು ಅವನಿಗೆ ಹರಸುವ ಮಾತಾಗಿತ್ತು, ಸಂಖ್ಯೆಯಾಗಿರಲಿಲ್ಲ.

ನೆರಳು ಹೊಸ್ತಿಲ ಹತ್ತಿರ ಬಂತು. ಬೆವರಿಗೆ ಬೀಜಗಳು ಬೆರಳಿಗೆ ಅಂಟುತ್ತಿದ್ದವು.

ತಮ್ಮ ನಿಂತಲ್ಲಿಂದಲೇ ಹೇಳಿದ: "ಅಣ್ಣ, ಲಾಭ ಅನ್ನದೆ ಎಂದಾದರೂ ರಾಶಿಗೆ ಕೈ ಹಾಕಿದ್ದೀಯಾ? ನನ್ನ ಕೊನೇ ಲೆಕ್ಕವನ್ನಾದರೂ ಕ್ರಮವಾಗಿ ಶುರು ಮಾಡು."

ಅಣ್ಣ "ಲಾಭ" ಎಂದ. ಎಂದವನು ತನ್ನ ಕೈ ನೋಡಿಕೊಂಡ. ಲಾಭ ಎಂದು ಸುರಿಯುವುದೂ ಒಂದು ಕೊಳಗವೇ. ಹೆಚ್ಚಿಗೆ ಸೇರಿಸಿದ್ದನ್ನೆಲ್ಲ ತೆಗೆದ. ಮೊದಲ ಬಟ್ಟಲಲ್ಲಿ ಒಂದೇ ಬೀಜ ಬಿಟ್ಟ, ಉಳಿದವುಗಳಲ್ಲಿ ಎರಡೆರಡು. ಕೂಡಿದರೆ ಒಂಬತ್ತು, ಗುಣಿಸಿದರೆ ಹದಿನಾರು. ಎರಡನೆಯದರಲ್ಲೂ ಒಂದೇ ಬಿಟ್ಟ. ಕೂಡಿದರೆ ಎಂಟು. ಗುಣಿಸಿದರೂ ಎಂಟು.

ಪಾಳೆಯಗಾರ ಬಗ್ಗಿ ನೋಡಿದ. ಒಂದೊಂದೇ ಬೀಜವಿದ್ದ ಆ ಎರಡು ಬಟ್ಟಲುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ಇವಿಲ್ಲದೆಯೂ ಗುಣಿಸಿದರೆ ಎಂಟೇ. ಇವುಗಳಿಂದ ಏನು ಹೆಚ್ಚಿತು?"

"ಏನೂ ಹೆಚ್ಚಲಿಲ್ಲ, ಒಡೆಯ. ಆದರೆ ಇವನ್ನು ತೆಗೆದರೆ ಮೊತ್ತ ಆರಕ್ಕೆ ನಿಲ್ಲುತ್ತದೆ; ನನ್ನ ತಮ್ಮ ಕೆಳಗೆ ಬೀಳುತ್ತಾನೆ."

ಪಾಳೆಯಗಾರ ಬಟ್ಟಲುಗಳನ್ನು ಕೈಯಿಂದೆತ್ತಿ ಮತ್ತೆ ಸಾಲಿನಲ್ಲಿಟ್ಟ. ಹಗ್ಗ ಬಿಚ್ಚಿದರು.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಜಗುಲಿಯಲ್ಲಿ ಹಿರಿಯ ಸ್ವಾಮಿಗಳ ಕೋಲು ಮೆಟ್ಟಿಲನ್ನು ತಡಕುತ್ತಿತ್ತು. ನಿರ್ವಾಣಯ್ಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು, ಹಾಗಾದರೆ ತಾನು ಹೋಗಲೇಬಾರದೇ ಎಂದು ಕೇಳಿದ.

"ಹೋಗು, ಹಗ್ಗ ಯಾರ ಸೊಂಟದಲ್ಲಿದೆ ಎಂದು ನೋಡಿಕೊಂಡು ಹೋಗು."