ಹೊಳೆ ದಾಟುವ ರೈಲು

ಹೊಳೆಯ ಈಚೆ ದಡದಲ್ಲಿ ಒಂದು ಮಠ. ದೊಡ್ಡದೇನಲ್ಲ. ಒಂದು ಗದ್ದುಗೆ, ಒಂದು ಒಲೆ, ಬಂದವರು ಕೂತು ಉಣ್ಣಲು ಒಂದು ಪಡಸಾಲೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ರೈಲಿನ ಸೇತುವೆ.

ಮುಂಜಾನೆಯ ಭಜನೆಗೆ ತಾಳ ಹಾಕುವುದು ಪಂಪವ್ವನ ಪಾಲಿಗೆ ಬಂದಿತ್ತು. ತಪ್ಪು ನಡೆಯುತ್ತಿದ್ದದ್ದೂ ಅಲ್ಲೇ.

ಹಾಡು ಸಾವಕಾಶವಾಗಿ ಸಾಗಿರುತ್ತಿತ್ತು. ಅಷ್ಟರಲ್ಲಿ ಪ್ಯಾಸೆಂಜರ್ ರೈಲು ಸೇತುವೆ ಹತ್ತುತ್ತಿತ್ತು. ಪಂಪವ್ವನಿಗೇ ಗೊತ್ತಾಗದಂತೆ ಅವಳ ತಾಳ ಹೋಗಿ ರೈಲಿನ ಗಾಲಿಗೆ ಗಂಟುಬೀಳುತ್ತಿತ್ತು. ತಾಳ ಓಡಿದರೆ ಡಗ್ಗಾ ಓಡಬೇಕು, ಡಗ್ಗಾ ಓಡಿದರೆ ಹಾಡುವವರೂ ಓಡಬೇಕು. ರೈಲು ಆಚೆ ದಡ ಮುಟ್ಟುವಷ್ಟರಲ್ಲಿ ಪಡಸಾಲೆಯಲ್ಲಿ ಎಲ್ಲರಿಗೂ ಏದುಸಿರು.

“ಪಂಪಕ್ಕ,” ಡಗ್ಗಾ ಬಾರಿಸುವ ಮೌನೇಶ ಬೆವರು ಒರೆಸಿಕೊಂಡ. ಹೆಸರಿಗೆ ಮಾತ್ರ ಮೌನೇಶ. “ಶಿವಗ ಇಲ್ಲೇ ಕೂತು ಕೇಳೋ ಮನಸಿತ್ತು. ನೀ ಅವನ್ನ ಗುಂತಕಲ್ಲಿಗೆ ಮುಟ್ಟಿಸಿ ಬಂದಿ.”

ಎಲ್ಲರೂ ನಕ್ಕರು. ಮಠದ ಗುರು ಅಜ್ಜಾರೂ ನಕ್ಕರು. ಪಂಪವ್ವ ನಗಲಿಲ್ಲ.

ಬರುವ ಹುಣ್ಣಿಮೆಗೆ ಅವಳು ಮಠಕ್ಕೆ ಮಾತು ಕೊಡಬೇಕಿತ್ತು.

ಆ ಮಠದಲ್ಲೊಂದು ಪದ್ಧತಿ. ಸೇತುವೆ ಹುಟ್ಟುವ ಮೊದಲು, ಹರಿಗೋಲಿನ ಕಾಲದಿಂದ ಬಂದದ್ದು. ಹೊಳೆ ದಾಟಿ ಬಂದವರು ಹಸಿದಿರುತ್ತಾರೆ. ಬಾಗಿಲಲ್ಲಿ ‘ಬಂದ್ರಿ?’ ಎನ್ನಲು ಒಬ್ಬರು ಇರಲೇಬೇಕು. ಆ ಒಬ್ಬರು ಹೊಳೆ ದಾಟುವಂತಿಲ್ಲ. ಇದಕ್ಕೆ ಮಂತ್ರವಿಲ್ಲ, ಹೋಮವಿಲ್ಲ. ಗುರುವಿನ ಮುಖ ನೋಡಿ ‘ನಾ ಇಲ್ಲಿರ್ತೀನಿ’ ಎಂದರೆ ಆಯಿತು. ಅಜ್ಜಾರು ಆ ಮಾತು ಕೊಟ್ಟಾಗ ಅವರ ಮೀಸೆ ಕಪ್ಪಗಿತ್ತು. ಈಗ ಹುಬ್ಬು ಕೂಡ ಬೆಳ್ಳಗಾಗಿತ್ತು.

ಪಂಪವ್ವನೋ, ಅರ್ಧ ಆಯುಷ್ಯ ಇಳಕಲ್ ಸೀರೆಯ ಗಂಟು ಹೊತ್ತು ರೈಲಿನಲ್ಲಿ ತಿರುಗಿದವಳು. ಸೊಲ್ಲಾಪುರ, ನಾಗಪುರ, ಹೌರಾ. ನಾಲ್ಕಾರು ಭಾಷೆಯಲ್ಲಿ ಚೌಕಾಶಿ ಮಾಡಬಲ್ಲಳು, ಒಂದರಲ್ಲೂ ‘ಸಾಕು’ ಎನ್ನಲಾರಳು. ನಡುವೆ ಒಂದು ಮದುವೆಯೂ ಆಗಿತ್ತು. ಅದು ಸಣ್ಣ ಸ್ಟೇಷನ್. ಬಹಳ ಹೊತ್ತು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಹಸಿವಾಗಿ ಈ ಮಠಕ್ಕೆ ಬಂದಿದ್ದಳು. ಉಂಡು ಎಲೆ ಎತ್ತಿದಳು. ಮರುದಿನ ಉಳಿದವರಿಗೆ ಎಲೆ ಹಾಕಲು ನಿಂತಳು. ಹಾಗೇ ಉಳಿದಳು. ಎಲ್ಲಾದರೂ ಇದ್ದುಬಿಡಬೇಕು ಎಂದು ಜೀವಮಾನದಲ್ಲಿ ಮೊದಲ ಸಲ ಅನ್ನಿಸಿದ್ದು ಅವಳಿಗೆ ಇಲ್ಲೇ. ಆ ಅನ್ನಿಸಿಕೆಯನ್ನು ರೈಲು ದಿನಾ ಬಂದು ಕಿತ್ತುಕೊಂಡು ಹೋಗುತ್ತಿತ್ತು.

ಕಿವಿಗೆ ಹತ್ತಿ ತುರುಕಿ ನೋಡಿದಳು. ಸದ್ದು ನೆಲದಿಂದ ಅಂಗಾಲಿಗೆ ಹತ್ತಿತು. ರೈಲಿನ ಹೊತ್ತಿಗೆ ಬೀಸುವ ಕಲ್ಲಿನ ಮುಂದೆ ಕೂತು ನೋಡಿದಳು. ಕಲ್ಲೂ ಅದೇ ಓಟ ಹಿಡಿಯಿತು, ಹಿಟ್ಟು ಗೋಡೆಗೆ ಹಾರಿತು.

“ಒಂದು ನಿಂಬಿಹಣ್ಣು ನಿವಾಳಿಸಿ ಒಗಿಯಕ್ಕ,” ಎಂದ ಮೌನೇಶ. “ನಿನಗಲ್ಲ, ರೈಲಿಗೆ. ಪಾಪ, ಅದಕ್ಕ ನಿನ್ನ ಕಣ್ಣು ತಗಲೇತಿ.”

ಕೊನೆಗೆ ಅವಳು ಅಜ್ಜಾರ ಹತ್ತಿರ ಹೋದಳು. ಅವರು ಕಟ್ಟೆಯ ಮೇಲೆ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದರು.

“ಅಜ್ಜಾರ, ನಾ ಈ ಮಾತಿಗೆ ಲಾಯಕ್ ಅಲ್ರಿ.”

“ಯಾರಂದ್ರು?”

“ರೈಲು ಅಂತೈತ್ರಿ.”

“ಹಂಗಾರ ರೈಲನ್ನ ಕರಿ. ಕೇಳೋಣು.”

“ಚ್ಯಾಷ್ಟಿ ಮಾಡಬ್ಯಾಡ್ರಿ. ಅದರ ಸದ್ದು ಬಂತಂದ್ರ ಕೈಕಾಲು ಇಲ್ಲಿರ್ತಾವ, ಜೀವ ಹೋಗಿ ಕಿಟಕಿಗೆ ಕೂತಿರ್ತೈತಿ. ನಾಳೆ ಮಾತು ಕೊಟ್ಟು, ನಾಡದ್ದು ಓಡಿಹೋದರ? ಜಪ, ಉಪಾಸ, ಏನರ ಕೊಟ್ಟು ಇದನ್ನ ಬಿಡಸ್ರಿ.”

“ಎಲ್ಲಿ ಹಚಗೊಂಡಿ ಅಂತ ಗೊತ್ತಿಲ್ಲದ ಬಿಡಸೂದು ಹೆಂಗ, ತಂಗಿ? ಮೊದಲು ಎಲ್ಲಿ ಅಂಟ್ತು, ಅದನ್ನ ಹೇಳು.”

ಪಂಪವ್ವನಿಗೆ ಅದೇನು ಕಷ್ಟದ ಪ್ರಶ್ನೆ ಅನ್ನಿಸಲಿಲ್ಲ. “ಕಲ್ಲಿದ್ದಲ ಇಂಜಿನ್ ರೀ. ಸಣ್ಣಾಕಿದ್ದಾಗ ನೋಡಿದ್ದೆ. ಆ ಹೊಗಿ ವಾಸನಿ, ಆ ಸಿಳ್ಳು...”

“ಅದು ಎಲ್ಲಾರೂ ಹೇಳೂದು. ಕಾಯಿ ಸುಲಿ.”

ಸುಲಿದಳು.

ಮರುದಿನ ಮತ್ತೆ ಬಂದಳು. “ಊರಿಂದೂರಿಗೆ ಹೋಗೂದು ಅಜ್ಜಾರ. ಹೊಸಾ ನೀರು, ಹೊಸಾ ಮಂದಿ. ಅದರ ರುಚಿ ಹತ್ತಿತು.”

“ಬಸ್ಸಿನ್ಯಾಗೂ ಊರಿಂದೂರಿಗೆ ಹೋಗ್ತಾರ. ಬಸ್ಸಿನ ಸದ್ದಿಗೆ ನಿನ್ನ ತಾಳ ತಪ್ಪಿದ್ದು ನಾ ಕಾಣೆ. ಸುಲಿ.”

ಮುಂದಿನ ದಿನ ಅವಳು ಬಂದು ಕೂತಳು. ಸುಮ್ಮನೆ ಕಾಯಿ ಮುಂದೆಳೆದುಕೊಂಡಳು. ಸುಲಿಯುತ್ತ, ತನ್ನ ಕೈಗಳನ್ನೇ ನೋಡುತ್ತ ಇದ್ದವಳು ಒಮ್ಮೆಲೇ ಅಂದಳು:

“ನಮ್ಮವ್ವ ಸುಮ್ನ ಕೂತದ್ದನ್ನ ನಾ ನೋಡೇ ಇರಲಿಲ್ರಿ.”

ಅಜ್ಜಾರು ತಲೆ ಎತ್ತಲಿಲ್ಲ.

“ಮಂದಿ ಮನಿ ಭಾಂಡಿ ತಿಕ್ಕೂದು, ಶೇಂಗಾ ಒಡೆಯೂದು, ರೊಟ್ಟಿ ಬಡಿಯೂದು. ಮಲಗಿದಾಗೂ ಆಕಿ ಕೈ ಅಲುಗಾಡ್ತಿದ್ದುವು. ನಾ ಸೆರಗು ಹಿಡಿದರ ‘ಬಿಡ, ಕೆಲಸೈತಿ’ ಅನ್ನಾಕಿ. ಒಮ್ಮೆ ಗದಗಿಗೆ, ಸೋದರತ್ತಿ ಮನಿಗೆ ಹೊಂಟ್ವಿ. ರೈಲು ಹತ್ತಿದ್ವಿ. ಅವ್ವ ಕೂತ್ಲು.”

ಪಂಪವ್ವ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.

“ರೈಲಿನ್ಯಾಗ ಮಾಡಾಕ ಏನೂ ಕೆಲಸ ಇರಂಗಿಲ್ಲ ನೋಡ್ರಿ. ಆಕಿಗೆ ಅದು ಮೊದಲು ತಿಳೀಲೇ ಇಲ್ಲ. ಗಂಟು ಬಿಚ್ಚಿದ್ಲು, ಕಟ್ಟಿದ್ಲು. ಮತ್ತ ಬಿಚ್ಚಿದ್ಲು. ಸೆರಗು ಮಡಚಿದ್ಲು. ಆಮ್ಯಾಲ ಕೈಗೆ ಏನೂ ಸಿಗಲಿಲ್ಲ. ತಂದು ನನ್ನ ತಲಿ ಮ್ಯಾಲ ಇಟ್ಲು. ಗದಗ ಬರೂತನಕ ತೆಗೀಲಿಲ್ಲ.”

“ಇಳಿದ ಮ್ಯಾಲ?”

“ಇಳಿದ ಮ್ಯಾಲ ಗಂಟು ಹೊರಬೇಕಲ್ರಿ.”

ಅಜ್ಜಾರ ಬೆರಳಲ್ಲಿದ್ದ ಕಾಯಿ ಅರ್ಧ ಬಿಚ್ಚಿದಂತೆಯೇ ಉಳಿಯಿತು.

“ನಾಳೆ ಸ್ಟೇಷನ್ನಿಗೆ ಹೋಗೋಣು,” ಎಂದರು.

ಈಚೆ ದಡದ ಸ್ಟೇಷನ್ನಿನಲ್ಲಿ ಒಂದು ಹುಣಸೆ ಮರ, ಒಂದು ನಲ್ಲಿ, ಕೂರಲು ಒಂದು ಕಲ್ಲುಬೆಂಚು. ಅಜ್ಜಾರು ಕಿಟಕಿಗೆ ಹೋಗಿ ಟಿಕೆಟ್ ತಗೊಂಡು ಬಂದರು. ಒಂದೇ ಟಿಕೆಟ್.

ಪಂಪವ್ವ ಆ ಟಿಕೆಟ್ಟನ್ನೇ ನೋಡಿದಳು. ತನ್ನನ್ನು ಕಳಿಸಿಬಿಡುತ್ತಿದ್ದಾರೆ.

“ಯಾರಿಗ್ರಿ ಅದು?”

“ಯಾರರ ಒಬ್ಬರು ಹೋಗ್ತಾರ.”

ಇಬ್ಬರೂ ಬೆಂಚಿನ ಮೇಲೆ ಕೂತರು. ಹಳಿ ಬಿಸಿಲಿಗೆ ಮಿಂಚುತ್ತಿತ್ತು. ಅಜ್ಜಾರು ಅದನ್ನೇ ನೋಡುತ್ತ ಕೇಳಿದರು:

“ಒಳಗ ಕೂತು ನೋಡಿದರ ಗಿಡಗೋಳು ಹಿಂದಕ್ಕ ಓಡ್ತಾವಂತ. ಖರೇ ಏನು?”

ಪಂಪವ್ವನಿಗೆ ನಗು ಬಂತು. “ಯಾಕ್ರಿ ಅಜ್ಜಾರ, ನೀವು ಒಮ್ಮೆನೂ ಹತ್ತಿಲ್ಲೇನು?”

“ನಾ ಹೋಗಬೇಕಾದ ಕಡೆ ಹೊಳಿ ಆಚೆ ಐತಿ.”

“ಆಚೆ ಏನೈತ್ರಿ?”

“ನನ್ನ ಹಡದಾಕಿ ಹೋದ ಕಡೆ.” ಅಜ್ಜಾರು ಬೇರೆಯವರ ಕಥೆ ಹೇಳುವವರಂತೆ ಹೇಳಿದರು. “ಹರಕಿ ಇತ್ತಂತ, ತಂದು ಮಠಕ್ಕ ಬಿಟ್ಲು. ನನಗಿನ್ನೂ ಹಾಲುಹಲ್ಲು. ಆಕಿ ರೈಲು ಹತ್ತಿದ್ಲು. ನಾ ದಂಡಿಗುಂಟ ಓಡಿದೆ, ಸೇತುವಿತನಕ. ಕಿಟಕಿ ಭಾಳ ಇದ್ದುವು. ಯಾವುದರಾಗ ಆಕಿ ಇದ್ಲು, ತಿಳೀಲಿಲ್ಲ. ಅವತ್ತಿಂದ ಎಲ್ಲಾ ಕಿಟಕೀನೂ ನೋಡ್ತೀನಿ.”

ಪಂಪವ್ವನೂ ಹಳಿಯ ಕಡೆ ನೋಡಿದಳು. ಇಷ್ಟು ದಿನ ಆ ಸದ್ದು ತನ್ನೊಬ್ಬಳನ್ನೇ ಕರೆಯುತ್ತದೆ ಎಂದುಕೊಂಡಿದ್ದಳು.

“ನಿಮಗ ರೈಲಂದ್ರ ಸಿಟ್ಟು ಬರಬೇಕಿತ್ತಲ್ರಿ.”

“ಸಿಟ್ಟು ಮಾಡಿ ಎಲ್ಲಿಗೆ ಹೋಗಲಿ? ಒಯ್ದದ್ದು ಅದೇ. ತಂದರ ಅದೇ ತರಬೇಕು.”

“ಬಂದ್ರೇನ್ರಿ ಅವ್ವಾರು?”

“ಭಾಳ ಮಂದಿ ಬಂದ್ರು,” ಎಂದರು ಅಜ್ಜಾರು. “ಉಣ್ಣಾಕ ನೀಡಿದೆ.”

ಹಳಿ ಸಣ್ಣಗೆ ಗುನುಗತೊಡಗಿತು. ಸ್ವಲ್ಪ ಹೊತ್ತಿಗೆ ಪ್ಯಾಸೆಂಜರ್ ಬಂದು ನಿಂತಿತು. ಬಾಗಿಲು ಸರಿಯಾಗಿ ಪಂಪವ್ವನ ಎದುರಿಗೇ.

“ಮಠದಾಗ ಕೂತು ‘ಇಲ್ಲಿರ್ತೀನಿ’ ಅನ್ನೂದು ಸಸಾರ,” ಎಂದರು ಅಜ್ಜಾರು. “ಹುಣ್ಣಿವಿತನಕ ಯಾಕ ಕಾಯೂದು? ಅನ್ನೂದಿದ್ದರ ಇಲ್ಲೇ ಅನ್ನು. ಬಾಯಿಗೆ ಬರಲಿಲ್ಲಂದ್ರ ಟಿಕೆಟ್ ಐತಿ, ಹತ್ತು. ನನಗೇನೂ ಸಿಟ್ಟಿಲ್ಲ.”

ಪಂಪವ್ವ ಒಳಗೆ ನೋಡಿದಳು. ಕಿಟಕಿಯ ಪಕ್ಕದ ಸೀಟು ಖಾಲಿ. ಅದರ ಮೇಲೆ ಒಂದು ತುಂಡು ಬಿಸಿಲು ಮೊದಲೇ ಬಂದು ಕೂತಿತ್ತು. ಕಬ್ಬಿಣದ ವಾಸನೆ, ಕಿತ್ತಳೆ ಸಿಪ್ಪೆಯ ವಾಸನೆ, ಯಾರದೋ ಬುತ್ತಿಯ ಶೇಂಗಾ ಚಟ್ನಿಯ ವಾಸನೆ. ಅವಳ ಕೈ ಹೋಗಿ ಬಾಗಿಲ ಸರಳು ಹಿಡಿಯಿತು. ಕಾಲು ಮೆಟ್ಟಿಲ ಮೇಲಿತ್ತು. ಯಾವಾಗ ಇಟ್ಟಳೋ, ಅವಳಿಗೇ ಗೊತ್ತಿಲ್ಲ.

ಅಜ್ಜಾರು ತಡೆಯಲಿಲ್ಲ.

“ಅಕ್ಕಾರ, ಜರಾ ದಾರಿ ಬಿಡ್ರಿ.”

ಒಳಗಿನಿಂದ ಒಬ್ಬ ಹೆಣ್ಣುಮಗಳು ಇಳಿಯುತ್ತಿದ್ದಳು. ತಲೆಯ ಮೇಲೊಂದು ಗಂಟು, ಬಗಲಲ್ಲೊಂದು ಗಂಟು, ಹಿಂದೆ ಸೆರಗು ಹಿಡಿದುಕೊಂಡು ಒಂದು ಕೂಸು. ಪಂಪವ್ವ ಕೆಳಗಿಳಿದು ಸರಿದಳು.

“ಇಲ್ಲೆಲ್ಲೋ ಮಠ ಐತಂತಲ್ರಿ,” ಇಳಿದವಳು ಏದುತ್ತ ಕೇಳಿದಳು. “ಬಂದವರಿಗೆ ಊಟ ಹಾಕ್ತಾರಂತ. ಭಾಳ ದೂರೇನ್ರಿ? ಕೂಸು ನಸಿಕಿಲಿಂದ ಏನೂ ತಿಂದಿಲ್ಲ.”

“ದೂರೇನಿಲ್ಲವಾ, ಇಲ್ಲೇ. ಕೊಡಿಲ್ಲೆ.”

ತಲೆಯ ಗಂಟನ್ನು ಪಂಪವ್ವ ಇಳಿಸಿಕೊಂಡಳು. ಬಗಲಿನದನ್ನೂ ಇಸಕೊಂಡಳು. ಆ ಹೆಣ್ಣುಮಗಳು ಕೈ ಖಾಲಿಯಾಗಿ, ಏನು ಮಾಡಬೇಕೆಂದು ತಿಳಿಯದೆ, ಒಂದು ಗಳಿಗೆ ಹಾಗೇ ನಿಂತಳು. ಕೂಸು ಸೆರಗು ಜಗ್ಗಿತು. ಬಗ್ಗಿ ಎತ್ತಿಕೊಂಡಳು.

ಗಾರ್ಡ್ ಸಿಳ್ಳು ಹಾಕಿದ.

ಪಂಪವ್ವ ತಿರುಗಿ ರೈಲು ನೋಡಿದಳು. ಸೀಟು ಇನ್ನೂ ಖಾಲಿಯಿತ್ತು, ಬಿಸಿಲು ಇನ್ನೂ ಅಲ್ಲೇ ಇತ್ತು. ಕಣ್ಣು ತುಂಬುವವರೆಗೆ ನೋಡಿದಳು. ಆಮೇಲೆ ಅಜ್ಜಾರ ಕಡೆಗೆ ಮುಖ ಮಾಡಿದಳು.

“ನಾ ಇಲ್ಲಿರ್ತೀನ್ರಿ.”

“ಇನ್ನೂ ಎಳೀತೈತೇನು?”

“ಎಳೀತೈತ್ರಿ.”

“ಎಳೀಲಿ,” ಎಂದ ಅಜ್ಜಾರು ಸರಳು ಹಿಡಿದು, ಮೊಣಕಾಲಿಗೆ ಕೈ ಕೊಟ್ಟು, ಮೆಟ್ಟಿಲು ಹತ್ತಿಬಿಟ್ಟರು.

“ಅಜ್ಜಾರ! ಅದು ಹೊಳಿ ದಾಟತೈತ್ರಿ!”

“ದಾಟಲಿ. ಬಾಗಲದಾಗ ಒಬ್ಬರಿದ್ದರ ಸಾಕು. ಇಬ್ಬರು ನಿಂತರ ಬಂದವರು ಒಳಗ ಹೆಂಗ ಬರಬೇಕು?”

ಅವರು ಹೋಗಿ ಕಿಟಕಿಯ ಪಕ್ಕ ಕೂತರು. ಹೇಗೆ ಕೂರಬೇಕೆಂದು ತಿಳಿಯದವರಂತೆ ಮೊದಲು ಅಂಚಿಗೆ, ಆಮೇಲೆ ಪೂರ್ತಿ. ರೈಲು ಅಲುಗಿತು. ಬೆಳ್ಳನೆಯ ಹುಬ್ಬು ಮೇಲೇರಿತು.

ಎರಡು ಗಂಟು ಹೊತ್ತುಕೊಂಡು ಪಂಪವ್ವ ಕಿಟಕಿಯ ಜೊತೆಗೇ ನಡೆದಳು. ಆಮೇಲೆ ಓಡಿದಳು.

“ಅಜ್ಜಾರ, ಯಾವಾಗ ಬರ್ತೀರಿ?”

“ಅದು ನನಗೇನು ಗೊತ್ತು, ತಂಗಿ? ನೀ ಇರ್ತೀಯಲ್ಲ.”